ನೀಲ್ ಯಂಗ್ ಕೇಳಬೇಕು, ಎಲ್ಲಿಂದ ಶುರು ಮಾಡೋದು?

"ನೀಲ್ ಯಂಗ್ ಹೆಸರು ಕೇಳಿದ್ದೀನಿ, ಯಾವ ಆಲ್ಬಮ್ಮಿಂದ ಶುರು ಮಾಡ್ಲಿ?" ಅಂತ ಯಾರನ್ನ ಕೇಳಿದರೂ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ - 'ಹಾರ್ವೆಸ್ಟ್'. 1972ರಲ್ಲಿ ಅಮೆರಿಕಾದಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾದ ಆಲ್ಬಮ್ ಅದು. ಅದರೊಳಗಿನ 'ಹಾರ್ಟ್ ಆಫ್ ಗೋಲ್ಡ್' ಅಲ್ಲಿನ ಪಟ್ಟಿಯಲ್ಲಿ ಇವನು ಒಂದನೇ ಸ್ಥಾನಕ್ಕೆ ಏರಿದ ಏಕೈಕ ಹಾಡು. ಇಂಪಾಗಿದೆ, ಮೌತ್ ಆರ್ಗನ್ ಇದೆ, ಮನೆಯಲ್ಲಿ ಹಾಕಿದರೆ ಅಮ್ಮ "ಏನೋ ಇದು ಗಲಾಟೆ" ಅಂತ ಬೈಯೋದಿಲ್ಲ. ಇನ್ನೇನು ಬೇಕು?

ನನ್ನ ತಕರಾರು ಇರೋದೇ ಇಲ್ಲಿ. ಹಾರ್ವೆಸ್ಟ್ ಕೆಟ್ಟ ಆಲ್ಬಮ್ ಅಂತಲ್ಲ. ಆದರೆ ಅದರಿಂದ ಶುರು ಮಾಡಿದವರು ಬಹಳಷ್ಟು ಸಲ ಅಲ್ಲೇ ನಿಂತುಬಿಡುತ್ತಾರೆ. ಅದಾದ ಮೇಲೆ ಇವನು ಮಾಡಿದ್ದನ್ನ ಕೇಳಿ, "ಇದ್ಯಾಕೆ ಹೀಗೆ ಅಪಸ್ವರ ಹಾಡ್ತಾನೆ?" ಅಂತ ಎದ್ದು ಹೋಗುತ್ತಾರೆ. ಐವತ್ತು ವರ್ಷ ಮೀರಿದ ಕೆಲಸ, ನಲವತ್ತಕ್ಕೂ ಹೆಚ್ಚು ಸ್ಟುಡಿಯೋ ಆಲ್ಬಮ್ ಇರುವ ಮನುಷ್ಯನನ್ನ ಅವನ ಅತ್ಯಂತ ಸಿಹಿಯಾದ ಮೂವತ್ತೇಳು ನಿಮಿಷಕ್ಕೆ ಕಟ್ಟಿಹಾಕಿದ ಹಾಗಾಗುತ್ತದೆ. ಆ ಸಿಹಿಯಿಂದ ಇವನು ಯಾಕೆ ಓಡಿಹೋದ ಅನ್ನೋದೇ ಇವನ ಕಥೆಯ ಮುಖ್ಯ ಭಾಗ. ಹಾಗಾಗಿ ನನ್ನ ದಾರಿ ಬೇರೆ. ಸ್ವಲ್ಪ ಇತಿಹಾಸ ಹೇಳದೆ ಅದನ್ನ ವಿವರಿಸೋಕೆ ಆಗಲ್ಲ, ತಾಳ್ಮೆ ಇರಲಿ :)

ಮೊದಲೇ ಒಂದು ಮಾತು. ನಮ್ಮ ಸಿನಿಮಾ ಹಾಡಿನಲ್ಲಿ ಬರೆಯೋರೊಬ್ಬರು, ರಾಗ ಹಾಕೋರೊಬ್ಬರು, ಹಾಡೋರು ಇನ್ನೊಬ್ಬರು. ಇವರ ಪರಂಪರೆಯಲ್ಲಿ ಮೂರೂ ಒಬ್ಬನೇ. ಒಂದು ರೀತಿಯಲ್ಲಿ ನಮ್ಮ ದಾಸರ ಹಾಗೆ - ಕಟ್ಟಿದವನೇ ಹಾಡಬೇಕು, ಅಂಕಿತ ಮಾತ್ರ ಇಲ್ಲ. ಅದಕ್ಕೇ ಇಲ್ಲಿ 'ಒಳ್ಳೆ ಕಂಠ' ಅನ್ನೋದು ಮೊದಲ ಪ್ರಶ್ನೆ ಅಲ್ಲ. ನೀಲ್ ಯಂಗನದು ತೆಳ್ಳಗಿನ, ಎತ್ತರದ, ಎಲ್ಲಿ ಒಡೆದುಹೋಗುತ್ತೋ ಅನ್ನಿಸುವ ದನಿ. ಮೊದಲ ಸಲ ಕೇಳಿದಾಗ ಕಿರಿಕಿರಿ ಆಗುತ್ತದೆ. ಮೂರನೇ ಸಲಕ್ಕೆ ಬೇರೆ ಯಾರೂ ಈ ಹಾಡನ್ನ ಹಾಡಬಾರದು ಅನ್ನಿಸುತ್ತದೆ.

ಹುಟ್ಟಿದ್ದು 1945ರ ನವೆಂಬರ್ 12ರಂದು, ಕೆನಡಾದ ಟೊರಾಂಟೋದಲ್ಲಿ. ಅಪ್ಪ ಸ್ಕಾಟ್ ಯಂಗ್ ಹೆಸರುವಾಸಿ ಪತ್ರಕರ್ತ, ಲೇಖಕ. 1951ರಲ್ಲಿ, ಓಮೆಮೀ ಅನ್ನೋ ಸಣ್ಣ ಊರಲ್ಲಿದ್ದಾಗ, ಐದು ವರ್ಷದ ಹುಡುಗನಿಗೆ ಪೋಲಿಯೋ ಬಂತು. ಬದುಕಿಕೊಂಡ. ಅಪ್ಪ ಅಮ್ಮ ಬೇರೆಯಾದ ಮೇಲೆ ಅಮ್ಮನ ಜೊತೆ ವಿನಿಪೆಗ್ ಗೆ ಹೋದ, ಸ್ಕೂಲು ಬಿಟ್ಟ, ಬ್ಯಾಂಡು ಕಟ್ಟಿದ. 1966ರಲ್ಲಿ ಬಾಸ್ ಗಿಟಾರ್ ನುಡಿಸುವ ಗೆಳೆಯ ಬ್ರೂಸ್ ಪಾಮರ್ ಜೊತೆ ಒಂದು ಹಳೇ ಪಾಂಟಿಯಾಕ್ ಗಾಡಿ ಹತ್ತಿ ಲಾಸ್ ಏಂಜಲೀಸ್ ಗೆ ಹೊರಟ. ಅದು ಹೆಣ ಸಾಗಿಸುವ ಗಾಡಿ! ವಾದ್ಯಗಳನ್ನ ತುಂಬೋಕೆ ಹಿಂದೆ ಬೇಕಾದಷ್ಟು ಜಾಗ ಇರುತ್ತೆ ನೋಡಿ. ಸನ್ಸೆಟ್ ಬುಲವಾರ್ಡಿನ ಟ್ರಾಫಿಕ್ಕಿನಲ್ಲಿ ಆ ವಿಚಿತ್ರ ಗಾಡಿಯನ್ನ ಹಿಂದಿನಿಂದ ಗುರುತು ಹಿಡಿದವನು ಸ್ಟೀಫನ್ ಸ್ಟಿಲ್ಸ್. ಇಬ್ಬರಿಗೂ ಕೆನಡಾದಲ್ಲೇ ಪರಿಚಯವಾಗಿತ್ತು. ಆ ಟ್ರಾಫಿಕ್ಕಿನಿಂದ ಹುಟ್ಟಿದ ಬ್ಯಾಂಡು ಬಫಲೋ ಸ್ಪ್ರಿಂಗ್ ಫೀಲ್ಡ್. ಹೆಸರು ರಸ್ತೆ ಮಾಡುವ ರೋಡ್ ರೋಲರ್ ಕಂಪನಿಯದು. ಎರಡು ವರ್ಷದಲ್ಲಿ ಜಗಳ ಆಡಿಕೊಂಡು ಬ್ಯಾಂಡು ಮುರಿದುಬಿತ್ತು.

1968ರ ಮೊದಲ ಒಂಟಿ ಆಲ್ಬಮ್ಮನ್ನ ನೀವು ಈಗಲೇ ಕೇಳಬೇಕಾಗಿಲ್ಲ. ಒಂದರ ಮೇಲೊಂದು ವಾದ್ಯ ಪೇರಿಸಿ ಮಾಡಿದ್ದು. ತನ್ನ ದನಿಯ ಮೇಲೆ ಇನ್ನೂ ನಂಬಿಕೆ ಬಾರದವನ ಹಾಗೆ ಅದನ್ನ ವಾದ್ಯಗಳ ಅಡಿಯಲ್ಲಿ ಬಚ್ಚಿಟ್ಟಿದ್ದಾನೆ.

ನಾನು ಶುರು ಮಾಡಿ ಅನ್ನೋದು ಎರಡನೆಯದರಿಂದ. 1969ರ ಮೇ ತಿಂಗಳಲ್ಲಿ ಬಂದ 'ಎವ್ರಿಬಡಿ ನೋಸ್ ದಿಸ್ ಈಸ್ ನೋವೇರ್'. ಏಳೇ ಹಾಡು, ನಲವತ್ತು ನಿಮಿಷ.

ಲಾಸ್ ಏಂಜಲೀಸಿನಲ್ಲಿ ರಾಕೆಟ್ಸ್ ಅಂತ ಒಂದು ಬ್ಯಾಂಡಿತ್ತು. ಅದರಿಂದ ಮೂವರನ್ನ ಈತ ತನ್ನ ಜೊತೆ ಸೇರಿಸಿಕೊಂಡ - ಗಿಟಾರಿಗೆ ಡ್ಯಾನಿ ವಿಟನ್, ಬಾಸ್ ಗೆ ಬಿಲ್ಲಿ ಟಾಲ್ಬಟ್, ಡ್ರಮ್ಸಿಗೆ ರಾಲ್ಫ್ ಮೊಲಿನಾ. ಹೊಸ ಹೆಸರು ಕ್ರೇಜಿ ಹಾರ್ಸ್. ಇವರು ಬಹಳ ನುರಿತ ವಾದಕರೇನಲ್ಲ. ಅವರ ಕೈಚಳಕವನ್ನ ಆಡಿಕೊಂಡವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆದರೆ ಎತ್ತಿನಗಾಡಿಯ ಹಾಗೆ ಒಂದೇ ನಡೆಯಲ್ಲಿ, ಅವಸರ ಇಲ್ಲದೆ, ಹತ್ತು ನಿಮಿಷ ಹೋಗಬಲ್ಲರು. ಆ ನಡೆಯ ಮೇಲೆ ಗಿಟಾರು ಏನು ಬೇಕಾದರೂ ಹೇಳಬಹುದು. 'ಡೌನ್ ಬೈ ದ ರಿವರ್' ಕೇಳಿ, ಒಂಬತ್ತು ನಿಮಿಷಕ್ಕೂ ಹೆಚ್ಚಿದೆ. ಗಿಟಾರಿನ ಸರದಿ ಬಂದಾಗ ಇವನು ಸ್ವರಗಳ ಮಳೆ ಸುರಿಸೋದಿಲ್ಲ. ಒಂದೇ ಸ್ವರವನ್ನ ಮತ್ತೆ ಮತ್ತೆ ಕುಟ್ಟುತ್ತಾನೆ, ಬಾಗಿಲು ತೆಗೆಯದ ಮನೆ ಮುಂದೆ ನಿಂತವನ ಹಾಗೆ. 'ಸಿನಮನ್ ಗರ್ಲ್' ಹಾಡಿನ ಕೊನೆಯಲ್ಲೂ ಅಷ್ಟೇ, ಒಂದೇ ಸ್ವರದ ಸೋಲೋ.

ಆ ಹಾಡಿಗೆ ಇವನು ಗಿಟಾರಿನ ಮೊದಲ ಮತ್ತು ಕೊನೆಯ ತಂತಿಗಳೆರಡನ್ನೂ ಒಂದು ಸ್ವರ ಇಳಿಸಿ ಶ್ರುತಿ ಮಾಡಿಕೊಳ್ಳುತ್ತಾನೆ. ಆಗ ಮಂದ್ರದ ತಂತಿ ತಂಬೂರಿಯ ಹಾಗೆ ಕೆಳಗೆ ಗುಂಯ್ ಅಂತಿರುತ್ತದೆ. ತಂಬೂರಿ ಕೇಳಿ ಬೆಳೆದ ಕಿವಿಗೆ ಈ ಸದ್ದು ಪರಕೀಯ ಅನ್ನಿಸದೇ ಇರೋಕೆ ಇದೇ ಕಾರಣ ಅಂತ ನನ್ನ ಊಹೆ. ಸಂಗೀತ ಬಲ್ಲವರು ತಿದ್ದಬಹುದು. ಅಂದ ಹಾಗೆ ಸಿನಮನ್ ಗರ್ಲ್, ಡೌನ್ ಬೈ ದ ರಿವರ್, 'ಕೌಗರ್ಲ್ ಇನ್ ದ ಸ್ಯಾಂಡ್' ಮೂರನ್ನೂ ಒಂದೇ ದಿನ, ಜೋರು ಜ್ವರದಲ್ಲಿ ಹಾಸಿಗೆ ಹಿಡಿದಿದ್ದಾಗ ಬರೆದೆ ಅಂತ ಇವನೇ ಹೇಳಿಕೊಂಡಿದ್ದಾನೆ. ನಮಗೆ ಜ್ವರ ಬಂದರೆ ಗಂಜಿ, ಕ್ರೋಸಿನ್ ಅಷ್ಟೇ!

ಇಲ್ಲಿಂದಲೇ ಯಾಕೆ ಶುರು ಮಾಡಬೇಕು ಅಂದರೆ, ಡ್ಯಾನಿ ವಿಟನ್ ನ ದನಿ ನಿಮ್ಮ ಕಿವಿಯಲ್ಲಿ ಕೂರಬೇಕು. ಸಿನಮನ್ ಗರ್ಲ್ ನಲ್ಲಿ ನೀಲ್ ಜೊತೆ ಸೇರಿ ಹಾಡುತ್ತಾನಲ್ಲ, ಆ ದನಿ. ಎಡಗಡೆ ಬಲಗಡೆ ಮಾತಾಡಿಕೊಳ್ಳುವ ಎರಡು ಗಿಟಾರುಗಳಲ್ಲಿ ಒಂದು ಅವನದು. ಮುಂದಿನ ಐದಾರು ವರ್ಷದ ಕಥೆ ಅರ್ಥವಾಗೋಕೆ ಇದು ಬೇಕು.

ಇದೇ 1969ರಲ್ಲಿ ಕ್ರಾಸ್ಬಿ, ಸ್ಟಿಲ್ಸ್ ಮತ್ತು ನ್ಯಾಶ್ ಜೊತೆ ನಾಲ್ಕನೆಯವನಾಗಿ ಸೇರಿಕೊಂಡ. ವುಡ್ ಸ್ಟಾಕ್ ನಲ್ಲಿ ಹಾಡಿದ, ಆದರೆ ತನ್ನ ಕಡೆ ಕ್ಯಾಮೆರಾ ತಿರುಗಿಸಬಾರದು ಅಂತ ಹಟ ಹಿಡಿದ. ಸಿನಿಮಾದಲ್ಲಿ ಅದಕ್ಕೇ ಇವನು ಕಾಣೋದಿಲ್ಲ. 1970ರ ಮೇ 4ರಂದು ಓಹಾಯೋದ ಕೆಂಟ್ ಸ್ಟೇಟ್ ಯೂನಿವರ್ಸಿಟಿಯಲ್ಲಿ, ಯುದ್ಧ ವಿರೋಧಿ ಪ್ರತಿಭಟನೆ ವೇಳೆ, ನ್ಯಾಶನಲ್ ಗಾರ್ಡ್ ಗುಂಡಿಗೆ ನಾಲ್ವರು ವಿದ್ಯಾರ್ಥಿಗಳು ಸತ್ತರು. ಪತ್ರಿಕೆಯ ಫೋಟೋಗಳನ್ನ ನೋಡಿ ಇವನು 'ಓಹಾಯೋ' ಬರೆದ, ಅದೇ ತಿಂಗಳು ರೆಕಾರ್ಡಿಂಗ್ ಮುಗಿಯಿತು, ಜೂನ್ ನಲ್ಲಿ ರೇಡಿಯೋದಲ್ಲಿತ್ತು. ಅಧ್ಯಕ್ಷ ನಿಕ್ಸನ್ ಹೆಸರನ್ನ ನೇರವಾಗಿ ಹಾಡಿನಲ್ಲಿ ತಂದಿದ್ದಾನೆ. ಇವತ್ತು ನಾವು ಬ್ಲಾಗಿನಲ್ಲಿ ಎರಡು ಸಾಲು ಗೀಚೋಕೂ ಇದಕ್ಕಿಂತ ಹೆಚ್ಚು ಯೋಚನೆ ಮಾಡ್ತೀವಿ.

ಎರಡನೆಯದಾಗಿ ಕೇಳಬೇಕಾದ್ದು 1970ರ ಸೆಪ್ಟೆಂಬರಿನ 'ಆಫ್ಟರ್ ದ ಗೋಲ್ಡ್ ರಷ್'. ಹೆಚ್ಚು ಭಾಗ ಟೊಪಾಂಗಾದಲ್ಲಿದ್ದ ಅವನ ಮನೆಯ ನೆಲಮಾಳಿಗೆಯಲ್ಲೇ ರೆಕಾರ್ಡ್ ಆದದ್ದು. ನಿಲ್ಸ್ ಲಾಫ್ಗ್ರೆನ್ ಅನ್ನೋ ಇಪ್ಪತ್ತು ತುಂಬದ ಗಿಟಾರ್ ಹುಡುಗನನ್ನ ಕರೆದು ಪಿಯಾನೋ ಮುಂದೆ ಕೂರಿಸಿದ. ಬಾರದ ವಾದ್ಯವನ್ನ ಎಚ್ಚರಿಕೆಯಿಂದ, ಸರಳವಾಗಿ ನುಡಿಸುತ್ತಾನಲ್ಲ, ಅದೇ ಬೇಕಿತ್ತು ಇವನಿಗೆ! ಇದರಲ್ಲಿರೋ 'ಸದರ್ನ್ ಮ್ಯಾನ್' ಅಮೆರಿಕಾದ ದಕ್ಷಿಣದ ರಾಜ್ಯಗಳ ವರ್ಣದ್ವೇಷದ ಮೇಲೆ ಹರಿಹಾಯುವ ಹಾಡು. ಹಾರ್ವೆಸ್ಟ್ ನಲ್ಲಿ 'ಅಲಬಾಮಾ' ಅಂತ ಇನ್ನೊಂದು ಬಂತು. ಇದಕ್ಕೆ ಸಿಟ್ಟಾಗಿ 1974ರಲ್ಲಿ ಲಿನರ್ಡ್ ಸ್ಕಿನರ್ಡ್ ಬ್ಯಾಂಡಿನವರು 'ಸ್ವೀಟ್ ಹೋಮ್ ಅಲಬಾಮಾ' ಹಾಡಿನಲ್ಲಿ ಇವನ ಹೆಸರು ಹಿಡಿದೇ ಉತ್ತರ ಕೊಟ್ಟರು. ಅಲಬಾಮಾ ವಿಷಯದಲ್ಲಿ ತಾನು ಬರೆದದ್ದು ಮೇಲರಿಮೆಯ ಬರಹ, ಏಟು ತಿನ್ನಬೇಕಾದ್ದೇ ಅಂತ ನೀಲ್ ಎಷ್ಟೋ ವರ್ಷದ ನಂತರ ಒಪ್ಪಿಕೊಂಡ. ನಮ್ಮ ಬ್ಲಾಗ್ ಜಗಳಗಳು ಹೀಗೆ ಮುಗಿದ ಉದಾಹರಣೆ ಇದೆಯಾ?

ಈಗ ಹಾರ್ವೆಸ್ಟ್ ಕೇಳಿ. ಈಗ ಅದು ಬೇರೆ ತರಹ ಕೇಳಿಸುತ್ತದೆ.

1971ರ ಫೆಬ್ರವರಿಯಲ್ಲಿ ಜಾನಿ ಕ್ಯಾಶ್ ನ ಟಿವಿ ಕಾರ್ಯಕ್ರಮಕ್ಕೆ ಅಂತ ನ್ಯಾಶ್ವಿಲ್ ಗೆ ಹೋದವನು ಅಲ್ಲೇ ಸಿಕ್ಕ ವಾದಕರನ್ನ ಸೇರಿಸಿಕೊಂಡು ರೆಕಾರ್ಡಿಂಗ್ ಶುರು ಮಾಡಿದ. ಜೇಮ್ಸ್ ಟೇಲರ್, ಲಿಂಡಾ ರಾನ್ಸ್ಟಾಟ್ ಹಿನ್ನೆಲೆಯಲ್ಲಿ ಹಾಡಿದರು. ಎರಡು ಹಾಡಿಗೆ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಬಂತು. (ಆ ಎರಡು ಹಾಡು ನನಗೆ ಇವತ್ತಿಗೂ ಮದುವೆ ಮನೆ ಪಾಯಸಕ್ಕೆ ಇನ್ನೊಂದು ಸೌಟು ಸಕ್ಕರೆ ಹಾಕಿದಂತೆ.) ಆಲ್ಬಮ್ ಇಷ್ಟು ಮೆತ್ತಗಿರೋಕೆ ಒಂದು ಸಾದಾ ಕಾರಣವೂ ಇದೆ. ಆಗ ಇವನಿಗೆ ವಿಪರೀತ ಬೆನ್ನುನೋವು. ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ಓಡಾಡುತ್ತಿದ್ದ. ಭಾರದ ಎಲೆಕ್ಟ್ರಿಕ್ ಗಿಟಾರ್ ನೇತುಹಾಕಿಕೊಂಡು ಹೆಚ್ಚು ಹೊತ್ತು ನಿಲ್ಲೋಕೆ ಆಗುತ್ತಿರಲಿಲ್ಲ. ಕೂತು ಅಕೌಸ್ಟಿಕ್ ನುಡಿಸಿದ. ಲೋಕ ಅದನ್ನೇ ಇವನ ಸ್ವಭಾವ ಅಂದುಕೊಂಡಿತು.

ಆಲ್ಬಮ್ಮಿನ ಎರಡನೇ ಮಗ್ಗುಲಲ್ಲಿ ಎರಡೇ ನಿಮಿಷದ ಒಂದು ಹಾಡಿದೆ, 'ದ ನೀಡಲ್ ಅಂಡ್ ದ ಡ್ಯಾಮೇಜ್ ಡನ್'. 1971ರ ಜನವರಿಯಲ್ಲಿ ಲಾಸ್ ಏಂಜಲೀಸಿನ ಯೂನಿವರ್ಸಿಟಿ ಸಭಾಂಗಣದಲ್ಲಿ ಜನರ ಮುಂದೆ ಹಾಡಿದ್ದನ್ನೇ ಹಾಗೇ ಹಾಕಿದ್ದಾನೆ. ಹೆರಾಯಿನ್ ಸೂಜಿಯ ಬಗ್ಗೆ, ಡ್ಯಾನಿ ವಿಟನ್ ಬಗ್ಗೆ. ಗಮನಿಸಿ, ಆಗ ಡ್ಯಾನಿ ಇನ್ನೂ ಬದುಕಿದ್ದ. ಎಲ್ಲರೂ ಇದನ್ನ ಸತ್ತ ಗೆಳೆಯನಿಗಾಗಿ ಬರೆದ ಶೋಕಗೀತೆ ಅಂತ ಕೇಳುತ್ತಾರೆ. ಅಲ್ಲ, ಅದು ಕಣ್ಣೆದುರೇ ಮುಳುಗುತ್ತಿದ್ದವನನ್ನ ನೋಡಿ ಹಾಡಿದ್ದು. ಆ ಡ್ಯಾನಿ ಸಾಮಾನ್ಯನಲ್ಲ, 'ಐ ಡೋಂಟ್ ವಾಂಟ್ ಟು ಟಾಕ್ ಅಬೌಟ್ ಇಟ್' ಬರೆದವನು. ರಾಡ್ ಸ್ಟೂಅರ್ಟ್ ದನಿಯಲ್ಲಿ ನೀವು ಖಂಡಿತ ಕೇಳಿರುತ್ತೀರಿ.

1972ರ ನವೆಂಬರ್. ಹಾರ್ವೆಸ್ಟ್ ಗೆದ್ದಾಗಿದೆ, ದೊಡ್ಡ ದೊಡ್ಡ ಕ್ರೀಡಾಂಗಣಗಳ ಟೂರ್ ಗೆ ತಯಾರಿ ನಡೆದಿದೆ. ನೀಲ್ ತನ್ನ ಕ್ಯಾಲಿಫೋರ್ನಿಯಾದ ತೋಟಕ್ಕೆ ಡ್ಯಾನಿಯನ್ನ ಕರೆಸಿದ, ಕೆಲಸ ಸಿಕ್ಕರೆ ಚೇತರಿಸಿಕೊಳ್ಳುತ್ತಾನೆ ಅಂತ. ಆಗಲಿಲ್ಲ. ಹಾಡು ನೆನಪಿರುತ್ತಿರಲಿಲ್ಲ, ಕೈ ನಡೆಯುತ್ತಿರಲಿಲ್ಲ. ಕೊನೆಗೆ ಐವತ್ತು ಡಾಲರು, ಲಾಸ್ ಏಂಜಲೀಸಿಗೆ ಒಂದು ವಿಮಾನದ ಟಿಕೆಟ್ಟು ಕೊಟ್ಟು ಕಳಿಸಿದರು. ಆ ರಾತ್ರಿಯೇ, ನವೆಂಬರ್ 18ರಂದು, ಡ್ಯಾನಿ ಸತ್ತ ಅಂತ ಫೋನ್ ಬಂತು. ವಯಸ್ಸು 29.

ಮುಂದೇನಾಯ್ತು ನೋಡಿ. 1973ರ ಟೂರ್ ಗೆ ಸಾವಿರಗಟ್ಟಲೆ ಜನ 'ಹಾರ್ಟ್ ಆಫ್ ಗೋಲ್ಡ್' ಕೇಳೋಕೆ ಬಂದರು. ಇವನು ಯಾರೂ ಕೇಳಿರದ ಹೊಸ, ಕರ್ಕಶ ಹಾಡುಗಳನ್ನ ಅವರ ಮೇಲೆ ಎಸೆದ. ಕುಡಿತ, ಬ್ಯಾಂಡಿನೊಳಗೆ ದುಡ್ಡಿನ ಜಗಳ, ಗಂಟಲು ಕೈಕೊಟ್ಟಿತು. ಆ ರಾತ್ರಿಗಳನ್ನೇ ರೆಕಾರ್ಡ್ ಮಾಡಿ 'ಟೈಮ್ ಫೇಡ್ಸ್ ಅವೇ' ಅಂತ ಆಲ್ಬಮ್ ತಂದ. ಇದನ್ನ ಅವನೇ ಎಷ್ಟು ದ್ವೇಷಿಸುತ್ತಿದ್ದ ಅಂದರೆ ಸಿಡಿ ಯುಗವಿಡೀ ಅದು ಅಂಗಡಿಯಲ್ಲಿ ಸಿಗಲಿಲ್ಲ, ಸಿಡಿ ಬಂದದ್ದು 2017ರಲ್ಲಿ. ಆ ಟೂರ್ ಮುಗಿದ ಕೆಲವೇ ವಾರಗಳಲ್ಲಿ, 1973ರ ಜೂನ್ ನಲ್ಲಿ, ಇವರ ವಾದ್ಯಗಳನ್ನ ಹೊತ್ತು ಓಡಾಡುತ್ತಿದ್ದ ಹುಡುಗ ಬ್ರೂಸ್ ಬೆರಿಯೂ ಹೆರಾಯಿನ್ ಗೆ ಬಲಿಯಾದ.

ಆಗಸ್ಟ್-ಸೆಪ್ಟೆಂಬರಿನಲ್ಲಿ ಉಳಿದವರೆಲ್ಲ ಹಾಲಿವುಡ್ಡಿನ ಒಂದು ರಿಹರ್ಸಲ್ ಹಾಲಿನಲ್ಲಿ ಸೇರಿದರು. ಟಾಲ್ಬಟ್, ಮೊಲಿನಾ, ನಿಲ್ಸ್, ಸ್ಟೀಲ್ ಗಿಟಾರಿನ ಬೆನ್ ಕೀತ್. ತಡರಾತ್ರಿವರೆಗೆ ಟೆಕೀಲಾ ಕುಡಿಯೋದು, ಆಮೇಲೆ ನುಡಿಸೋದು. ತಿದ್ದೋದಿಲ್ಲ, ಮತ್ತೆ ಹಾಡೋದಿಲ್ಲ. ಅದೇ 'ಟುನೈಟ್ಸ್ ದ ನೈಟ್'. ಮೊದಲ ಹಾಡೂ ಕೊನೆಯ ಹಾಡೂ ಒಂದೇ, ಅದರಲ್ಲಿ ಬ್ರೂಸ್ ಬೆರಿಯ ಹೆಸರು ಹಿಡಿದು ಹಾಡುತ್ತಾನೆ. 'ಮೆಲೋ ಮೈ ಮೈಂಡ್' ಹಾಡಿನಲ್ಲಿ ಎತ್ತರದ ಸ್ವರ ಏರೋಕೆ ಹೋಗಿ ದನಿ ಪೂರ್ತಿ ಒಡೆದುಹೋಗುತ್ತದೆ. ಅದನ್ನ ಹಾಗೇ ಬಿಟ್ಟಿದ್ದಾನೆ. ಆಲ್ಬಮ್ಮಿನ ಮಧ್ಯೆ ಇದ್ದಕ್ಕಿದ್ದಂತೆ ಒಂದು ಕುಣಿಸುವ, ಖುಷಿಯ ಹಾಡು ಬರುತ್ತದೆ. ಜನರ ಮುಂದೆ ಹಾಡಿದ್ದು, ಹಾಡುತ್ತಿರೋದು ಬೇರೆ ಯಾರೋ. ಎವ್ರಿಬಡಿ ನೋಸ್ ಕೇಳಿದ್ದರೆ ತಕ್ಷಣ ಗುರುತು ಸಿಗುತ್ತದೆ - ಡ್ಯಾನಿ ವಿಟನ್! 1970ರ ಮಾರ್ಚ್ ನಲ್ಲಿ ನ್ಯೂಯಾರ್ಕಿನ ಫಿಲ್ಮೋರ್ ಈಸ್ಟ್ ನಲ್ಲಿ ಅವನು ಹಾಡಿದ್ದನ್ನ ತಂದು ಇಲ್ಲಿ ಇಟ್ಟಿದ್ದಾನೆ. ಡ್ಯಾನಿಯ ದನಿ ಗೊತ್ತಿಲ್ಲದವರಿಗೆ ಅದು ಬರೀ ಒಂದು ಒಳ್ಳೆ ರಾಕ್ ಹಾಡು. ನಾನು 1969ರಿಂದ ಶುರು ಮಾಡಿ ಅಂದದ್ದು ಈ ಮೂರೂವರೆ ನಿಮಿಷಕ್ಕಾಗಿ.

ಇಲ್ಲೊಂದು ಗೊಂದಲ ಇದೆ. ಟುನೈಟ್ಸ್ ದ ನೈಟ್ ರೆಕಾರ್ಡ್ ಆದದ್ದು 1973ರಲ್ಲಿ, ಹೊರಬಂದದ್ದು 1975ರ ಜೂನ್ ನಲ್ಲಿ. ಮಧ್ಯೆ 1974ರ ಜುಲೈನಲ್ಲಿ 'ಆನ್ ದ ಬೀಚ್' ಬಂತು. ಅಂಗಡಿಗೆ ಬಂದ ಕ್ರಮದಲ್ಲಿ ಕೇಳಿದರೆ ದುಃಖ ಹೆಚ್ಚುತ್ತಾ ಹೋದ ಹಾಗೆ ಅನ್ನಿಸುತ್ತದೆ. ರೆಕಾರ್ಡ್ ಆದ ಕ್ರಮದಲ್ಲಿ ಕೇಳಿ. ಮೊದಲು ಟುನೈಟ್ಸ್ ದ ನೈಟ್, ಅಂದರೆ ಸಾವಿನ ಮನೆ. ಆಮೇಲೆ ಆನ್ ದ ಬೀಚ್, ಎಲ್ಲ ನೆಂಟರೂ ಹೋದ ಮೇಲೆ ಒಬ್ಬನೇ ಕೂತಿರೋದು. ಅದರ ಎರಡನೇ ಮಗ್ಗುಲಲ್ಲಿ ಮೂರೇ ಹಾಡು, ಕೊನೆಯ 'ಆಂಬ್ಯುಲೆನ್ಸ್ ಬ್ಲೂಸ್' ಒಂಬತ್ತು ನಿಮಿಷದ ಹತ್ತಿರ. ನನ್ನ ಮಟ್ಟಿಗೆ ಇವನ ಅತ್ಯುತ್ತಮ ಆಲ್ಬಮ್ ಇದು. ಅಚ್ಚರಿ ಅಂದರೆ ಇದೂ 2003ರವರೆಗೆ ಸಿಡಿಯಲ್ಲಿ ಇರಲಿಲ್ಲ, ಅಭಿಮಾನಿಗಳು ಇಂಟರ್ನೆಟ್ಟಿನಲ್ಲಿ ಅರ್ಜಿ ಹಾಕಿ ಸಾವಿರಾರು ಸಹಿ ಸಂಗ್ರಹಿಸಿದ್ದರು.

ಇನ್ನೂ ಒಂದು ತಮಾಷೆ. 1975ರಲ್ಲಿ ಬರಬೇಕಾಗಿದ್ದದ್ದು 'ಹೋಮ್ ಗ್ರೋನ್' ಅನ್ನೋ ಬೇರೆಯೇ ಆಲ್ಬಮ್, ಹಾರ್ವೆಸ್ಟ್ ತರಹದ್ದು, ಬಂದಿದ್ದರೆ ಬಿಸಿದೋಸೆ ತರಹ ಖರ್ಚಾಗುತ್ತಿತ್ತು. ಗೆಳೆಯರಿಗೆ ಕೇಳಿಸುವಾಗ ಅದೇ ಟೇಪಿನಲ್ಲಿ ಟುನೈಟ್ಸ್ ದ ನೈಟ್ ಕೂಡ ಇತ್ತು. ಎರಡನ್ನೂ ಒಟ್ಟಿಗೆ ಕೇಳಿ, ಸಿಹಿಯಾದದ್ದನ್ನ ಕಪಾಟಿನಲ್ಲಿಟ್ಟು ಒಡೆದ ದನಿಯದನ್ನ ಹೊರತಂದ. ಹೋಮ್ ಗ್ರೋನ್ ಕೊನೆಗೆ ಬಂದದ್ದು 2020ರಲ್ಲಿ! ಹಾರ್ಟ್ ಆಫ್ ಗೋಲ್ಡ್ ತನ್ನನ್ನ ನಡುರಸ್ತೆಗೆ ತಂದು ನಿಲ್ಲಿಸಿತು, ಅಲ್ಲಿ ಬೇಜಾರಾಗಿ ಪಕ್ಕದ ಹಳ್ಳಕ್ಕೆ ಗಾಡಿ ಇಳಿಸಿದೆ ಅನ್ನೋ ಅರ್ಥದಲ್ಲಿ 1977ರ 'ಡಿಕೇಡ್' ಸಂಕಲನದಲ್ಲಿ ಬರೆದುಕೊಂಡಿದ್ದಾನೆ. ಅದಕ್ಕೇ ಟೈಮ್ ಫೇಡ್ಸ್ ಅವೇ, ಆನ್ ದ ಬೀಚ್, ಟುನೈಟ್ಸ್ ದ ನೈಟ್ ಮೂರಕ್ಕೂ ಸೇರಿ ಅಭಿಮಾನಿಗಳು 'ಹಳ್ಳದ ತ್ರಿವಳಿ' ಅನ್ನೋ ಅರ್ಥದ ಹೆಸರಿಟ್ಟಿದ್ದಾರೆ.

ಹಳ್ಳದಿಂದ ಮೇಲೆ ಬಂದದ್ದು 1975ರ ನವೆಂಬರಿನ 'ಜೂಮಾ' ಆಲ್ಬಮ್ಮಿನಲ್ಲಿ. ಡ್ಯಾನಿಯ ಜಾಗಕ್ಕೆ ಫ್ರಾಂಕ್ ಸಾಂಪೆಡ್ರೋ ಬಂದು ಕ್ರೇಜಿ ಹಾರ್ಸ್ ಮತ್ತೆ ನಡೆಯೋಕೆ ಶುರುವಾಯಿತು. ಆಮೇಲೆ 1979ರ 'ರಸ್ಟ್ ನೆವರ್ ಸ್ಲೀಪ್ಸ್' - ಅರ್ಧ ಅಕೌಸ್ಟಿಕ್, ಅರ್ಧ ಕಿವಿ ಕಿತ್ತುಹೋಗುವ ಎಲೆಕ್ಟ್ರಿಕ್. ಸಮಯವಿಲ್ಲ, ಒಂದೇ ಆಲ್ಬಮ್ ಹೇಳಿ ಅನ್ನುವವರಿಗೆ ಇದನ್ನ ಕೊಡಬಹುದು. ಎರಡೂ ಮುಖ ಒಂದೇ ಕಡೆ ಸಿಗುತ್ತದೆ. 'ಪೌಡರ್ ಫಿಂಗರ್' ಇದರಲ್ಲೇ ಇದೆ. ಪಂಕ್ ಹುಡುಗರು ಬಂದು ಹಳಬರನ್ನೆಲ್ಲ ಗೇಲಿ ಮಾಡುತ್ತಿದ್ದ ಕಾಲದಲ್ಲಿ ಆ ಹುಡುಗರ ಜಾನಿ ರಾಟನ್ ಹೆಸರನ್ನ ಗೌರವದಿಂದ ಹಾಡಿಗೆ ತಂದ ಹಳಬ ಇವನು.

ಎಂಬತ್ತರ ದಶಕದಲ್ಲಿ ಬೇಗ ಬೇಗ ಹೆಜ್ಜೆ ಹಾಕಬಹುದು, ಒಂದು ಕಡೆ ಬಿಟ್ಟು. 1982ರ ಕೊನೆಗೆ ಬಂದ 'ಟ್ರಾನ್ಸ್' ಆಲ್ಬಮ್ಮಿನಲ್ಲಿ ವೋಕೋಡರ್ ಅನ್ನೋ ಯಂತ್ರದ ಮೂಲಕ, ರೋಬೋಟಿನ ಹಾಗೆ ಹಾಡಿದ್ದಾನೆ. ಜನ ನಕ್ಕರು. ಮುಂದಿನದು ಐವತ್ತರ ದಶಕದ ರಾಕ್ ಅಂಡ್ ರೋಲ್. 1983ರಲ್ಲಿ ಇವನ ಕಂಪನಿ ಗೆಫೆನ್, ನೀನು ನಿನ್ನ ಹಾಗೆ ಹಾಡುತ್ತಿಲ್ಲ ಅಂತ ಮೂವತ್ತಮೂರು ಲಕ್ಷ ಡಾಲರಿಗೆ ದಾವೆ ಹೂಡಿತು! (ಆಮೇಲೆ ಕೇಸು ಬಿಟ್ಟು ಕ್ಷಮೆ ಕೇಳಿದರು.) ಟ್ರಾನ್ಸ್ ಬಂದಾಗ ಕೇಳುಗರಿಗೆ ಗೊತ್ತಿಲ್ಲದಿದ್ದ ವಿಷಯ ಒಂದಿತ್ತು. ಸೆರೆಬ್ರಲ್ ಪಾಲ್ಸಿ ಇದ್ದ, ಮಾತು ಬಾರದ ಪುಟ್ಟ ಮಗನಿಗೆ ಅಪ್ಪ ಅಮ್ಮ ದಿನವಿಡೀ ವ್ಯಾಯಾಮ ಮಾಡಿಸುತ್ತಿದ್ದ ಕಾಲ ಅದು. ಹಾಡುತ್ತಿದ್ದಾನೆ ಆದರೆ ಏನು ಅಂತ ತಿಳಿಯುತ್ತಿಲ್ಲ ಅನ್ನೋದೇ ಆ ಆಲ್ಬಮ್ಮಿನ ವಸ್ತು. ಇದನ್ನ ತಿಳಿದು 'ಟ್ರಾನ್ಸ್ ಫಾರ್ಮರ್ ಮ್ಯಾನ್' ಕೇಳಿ, ನಗು ಬರೋದಿಲ್ಲ. ಮಾತಾಡಲಾಗದ ಮಕ್ಕಳಿಗಾಗಿ ಅವನ ಆಗಿನ ಪತ್ನಿ ಪೆಗಿ ಯಂಗ್ ಮುಂದೆ ನಿಂತು ಕಟ್ಟಿದ ಬ್ರಿಜ್ ಸ್ಕೂಲ್ ಗೆ ಹಣ ಕೂಡಿಸೋಕೆ 1986ರಿಂದ ಮೂರು ದಶಕ ಸಂಗೀತ ಕಚೇರಿಗಳು ನಡೆದವು.

1989ರ 'ಫ್ರೀಡಮ್', 1990ರ 'ರ‍್ಯಾಗೆಡ್ ಗ್ಲೋರಿ' ಎರಡೂ ಇಟ್ಟುಕೊಳ್ಳಿ. 1992ರ 'ಹಾರ್ವೆಸ್ಟ್ ಮೂನ್' ಇಪ್ಪತ್ತು ವರ್ಷದ ನಂತರ ಅದೇ ನ್ಯಾಶ್ವಿಲ್ ಗೆಳೆಯರ ಜೊತೆ ಕೂತು ಮಾಡಿದ್ದು, ಹಾರ್ವೆಸ್ಟ್ ಗಿಂತ ನನಗೆ ಇದೇ ಇಷ್ಟ. ಹಳೇ ದಾಂಪತ್ಯದ ಬಗ್ಗೆ ಹಾಡು ಬರೆಯೋದು ಹೊಸ ಪ್ರೀತಿಯ ಹಾಡಿಗಿಂತ ಕಷ್ಟ ಅಲ್ವೇ. 1994ರ ಏಪ್ರಿಲ್ ನಲ್ಲಿ ಸತ್ತ ಕರ್ಟ್ ಕೋಬೇನ್ ನ ಕೊನೆಯ ಪತ್ರದಲ್ಲಿ ರಸ್ಟ್ ನೆವರ್ ಸ್ಲೀಪ್ಸ್ ನ ಸಾಲೊಂದಿತ್ತು. ಆ ವರ್ಷದ 'ಸ್ಲೀಪ್ಸ್ ವಿತ್ ಏಂಜಲ್ಸ್' ಆಲ್ಬಮ್ಮಿನ ಶೀರ್ಷಿಕೆ ಗೀತೆ ಅವನ ಸಾವಿನ ನೆರಳಲ್ಲಿ ಬರೆದದ್ದು. ತನ್ನದೇ ಸಾಲು ಇನ್ನೊಬ್ಬನ ಸಾವಿನ ಚೀಟಿಯಲ್ಲಿ ಸಿಕ್ಕರೆ ಬರೆಯುವವನಿಗೆ ಏನಾಗಬಹುದು...

ಆಮೇಲಿನವು ಹುಣಸೆ ಮರದ ಹಾಗೆ, ಎಲ್ಲ ಕೊಂಬೆಯಲ್ಲೂ ಕಾಯಿ ಇಲ್ಲ. 2006ರ 'ಲಿವಿಂಗ್ ವಿತ್ ವಾರ್' ಇರಾಕ್ ಯುದ್ಧದ ಸಿಟ್ಟಿನಲ್ಲಿ ಕೆಲವೇ ದಿನಗಳಲ್ಲಿ ಮುಗಿಸಿದ್ದು, ಸಿಟ್ಟು ಹೆಚ್ಚು, ರಾಗ ಕಮ್ಮಿ. 2012ರ 'ಸೈಕೆಡೆಲಿಕ್ ಪಿಲ್' ನ ಮೊದಲ ಹಾಡು ಇಪ್ಪತ್ತೇಳು ನಿಮಿಷ, ಕುಕ್ಕರಿನಲ್ಲಿ ಅನ್ನ ಆಗಿ ತಣ್ಣಗಾಗುವಷ್ಟು ಹೊತ್ತು. ನನಗೆ ಇಷ್ಟ, ನಿಮಗೆ ಗ್ಯಾರಂಟಿ ಕೊಡಲ್ಲ. 2022ರ ಜನವರಿಯಲ್ಲಿ, ಲಸಿಕೆಯ ಬಗ್ಗೆ ಸುಳ್ಳು ಹರಡುತ್ತಿದ್ದಾರೆ ಅಂತ ಸಿಟ್ಟಾಗಿ ತನ್ನ ಹಾಡುಗಳನ್ನೆಲ್ಲ ಸ್ಪಾಟಿಫೈನಿಂದ ತೆಗೆಸಿದ. 2024ರಲ್ಲಿ ವಾಪಸ್ ಬಂದವು. 2025ರಲ್ಲಿ ಕ್ರೋಮ್ ಹಾರ್ಟ್ಸ್ ಅನ್ನೋ ಹೊಸ ಬ್ಯಾಂಡಿನ ಜೊತೆ ಇನ್ನೊಂದು ಆಲ್ಬಮ್ ಬಂತು, ಅದೇ ವರ್ಷ ಇವನಿಗೆ ಎಂಬತ್ತು ತುಂಬಿತು.

ಒಟ್ಟು ನನ್ನ ದಾರಿಯಲ್ಲಿ ಮೊದಲ ತಿಂಗಳಿಗೆ ಐದೇ ಆಲ್ಬಮ್: ಎವ್ರಿಬಡಿ ನೋಸ್, ಗೋಲ್ಡ್ ರಷ್, ಹಾರ್ವೆಸ್ಟ್, ಟುನೈಟ್ಸ್ ದ ನೈಟ್, ಆನ್ ದ ಬೀಚ್. ಇದೇ ಕ್ರಮದಲ್ಲಿ. ನಾಲ್ಕನೆಯದನ್ನ ರಾತ್ರಿ ಹನ್ನೊಂದರ ಮೇಲೆ ಹಾಕಿ, ಮನೆಯವರು ಮಲಗಿದ ಮೇಲೆ. ಹೆಡ್ ಫೋನ್ ಇರಲಿ. ಟ್ರಾನ್ಸ್ ಬಗ್ಗೆ ಜಗಳ ಆಡೋರು ಇದ್ದರೆ ಬನ್ನಿ, ಕಾಫಿ ನನ್ನದು :)